ಮುಳುಗಿದ ಹಡಗಿನಲ್ಲೊಂದು ಅರೆಯುವ ಕಲ್ಲು

ಲಂಡನ್ನಿಗೆ ಹೋಗಿಬಂದವಳನ್ನು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಅರಮನೆ ನೋಡಿದಿರಾ? ದೊಡ್ಡ ಗಡಿಯಾರ ನೋಡಿದಿರಾ? ಚಳಿ ಹೇಗಿತ್ತು? ನೋಡಿದೆ, ಅದನ್ನೂ ನೋಡಿದೆ, ಚಳಿ ಇತ್ತು. ಅಲ್ಲಿಗೆ ಆ ಮಾತು ಮುಗಿಯಿತು. ನಾನು ಬರೆಯಲು ಕೂತದ್ದು ಒಂದು ಕಲ್ಲಿನ ವಿಷಯ. ಊರಿಗೆ ಬಂದು ತಿಂಗಳುಗಳಾದವು, ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಚೆನ್ನಾಗಿರುತ್ತದೆ ಎಂದು ನನ್ನ ಸಹೋದ್ಯೋಗಿಗಳು ಹೇಳಿದರು. ಇಳಿದ ಮೇಲೆ ಬರೆಯುವವರು ಬೇರೆ ಇದ್ದಾರೆ.

ಕ್ರೋಯ್ಡನ್

ನಾನು ಕುಮಟಾದ ಹತ್ತಿರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಅಪ್ಪ ಅಘನಾಶಿನಿಯ ಅಳಿವೆಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಿದ್ದ, ಅಮ್ಮ ಅದನ್ನು ಬುಟ್ಟಿಯಲ್ಲಿ ಹೊತ್ತು ಪೇಟೆಯಲ್ಲಿ ಮಾರುತ್ತಿದ್ದಳು. ನಮ್ಮ ಕೇರಿಯಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಾಗಿದ್ದರೆ ಸಂಕೋಚಪಡುತ್ತಿದ್ದೆ.

ಅಳಿವೆಗಳ ಅಧ್ಯಯನದ ತರಬೇತಿಗೆಂದು ಆರು ವಾರ ಲಂಡನ್ನಿನಲ್ಲಿ ಇರಬೇಕಾಗಿ ಬಂತು. ಧಾರವಾಡದಲ್ಲಿ ಎಂ.ಎಸ್ಸಿ ಮಾಡುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಶೈಲಜಾ ಈಗ ಕ್ರೋಯ್ಡನ್ನಿನಲ್ಲಿ ಇದ್ದಾಳೆ. ಧಾರವಾಡ ಕಡೆಯ ಡಾಕ್ಟರ ಮಗಳು, ಬೆಂಗಳೂರಿನ ಕಂಪ್ಯೂಟರ್ ಎಂಜಿನಿಯರ್ ಕಿರಣನನ್ನು ಮದುವೆಯಾಗಿದ್ದಾಳೆ. "ಬೇರೆ ಕಡೆ ಉಳ್ಕೊಂಡ್ರೆ ನೋಡು, ಮಾತೇ ಆಡಲ್ಲ ನಿನ್ ಜೊತೆ" ಎಂದಳು. ಟ್ರಾಮ್ ಓಡಾಡುವ ರಸ್ತೆಯ ಮೇಲೆ, ಆಫೀಸು ಕಟ್ಟಡಗಳ ಮಗ್ಗುಲಲ್ಲೇ ಅವರ ಫ್ಲಾಟು. ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರು, ಒಳಗೆ ಬಿಳಿ ಕಾರ್ಪೆಟ್ಟು, ಗೋಡೆಗೊಂದು ಗಾಜಿನ ಷೋಕೇಸು. ಅದರಲ್ಲಿ ಚನ್ನಪಟ್ಟಣದ ಗೊಂಬೆ, ಹಿತ್ತಾಳೆಯ ಹಳೆಯ ಚೆಂಬು, ಯಾರದೋ ಅಜ್ಜಿಯ ಅಡಕೆಕತ್ತರಿ.

ಮೊದಲ ಶನಿವಾರ ನಾನು ಮೀನು ತರುತ್ತೇನೆ ಎಂದೆ. ಶೈಲಾ ಕಣ್ಣು ಅಗಲ ಮಾಡಿದಳು.

"ಅಯ್ಯೋ ನಾಗು, ಬೇಡ ಮಾರಾಯ್ತಿ. ಸ್ಮೆಲ್ಲು ಕಾರ್ಪೆಟ್ಟಿಗೆ ಹಿಡಿಯುತ್ತೆ. ಹೊರಗಡೆ ತಿನ್ಕೊಂಡ್ ಬಾ, ನಂಗೇನೂ ಬೇಜಾರಿಲ್ಲ."

ಹಾಸ್ಟೆಲಿನಲ್ಲೂ ಹೀಗೇ ಇತ್ತು. ನನ್ನ ಒಣಮೀನಿನ ಚಟ್ನಿಯ ಡಬ್ಬಿ ತೆರೆದರೆ ಅವಳು ಕಿಟಕಿ ತೆರೆಯುತ್ತಿದ್ದಳು. ಇರಲಿ, ಅವರ ಮನೆ, ಅವರ ಕಾರ್ಪೆಟ್ಟು ಎಂದು ಮೀನಿನ ಆಸೆ ಬಿಟ್ಟೆ.

ಕಿರಣನಿಗೆ ಡೈವಿಂಗ್ ಹುಚ್ಚು. ಹತ್ತಿರದ ಒಂದು ಕ್ಲಬ್ಬಿನ ಸದಸ್ಯ. ಅಲ್ಲಿ ತರಬೇತುದಾರನಾಗುವ ಪರೀಕ್ಷೆ ಅವನಿಗೆ ಹತ್ತಿರವಿತ್ತು. ನಾನು ನೇತ್ರಾಣಿ ದ್ವೀಪದಲ್ಲಿ ಹವಳದ ಕೆಲಸಕ್ಕಾಗಿ ವರ್ಷಗಟ್ಟಲೆ ಮುಳುಗಿದವಳು ಎಂದು ತಿಳಿದು ಕುಣಿದುಬಿಟ್ಟ.

"ಪ್ರೊಫೆಸರೇ, ಆ ಬಿಸಿನೀರಿನ ಸ್ನಾನಾನ ಡೈವಿಂಗ್ ಅಂತಾರೇನ್ರೀ? ಉತ್ತರ ಸಮುದ್ರಕ್ಕೆ ಬನ್ನಿ. ಮುಳುಗಿರೋ ಹಡಗು ತೋರಿಸ್ತೀನಿ. ಒಂದ್ಸಲ ನೋಡಿದ್ರೆ ಲೈಫಲ್ಲಿ ಮರೆಯಲ್ಲ."

ಕೊನೆಯ ಮಾತು ನಿಜವಾಯಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಎಂತಕ್ಕೆ ಆ ತಣ್ಣೀರಲ್ಲಿ ಮುಳುಗುದು? ಇಲ್ಲಿ ನೀರಿಲ್ವನೇ?" ಎಂದಳು. ನನಗೆ ಹಡಗು ನೋಡಬೇಕಿತ್ತು, ಅಷ್ಟೇ. ಹೊಟ್ಟೆಪಾಡಿಗೆ ಮುಳುಗಿದವರ ಮಗಳು ಒಮ್ಮೆ ಸುಮ್ಮನೆ ನೋಡಲಿಕ್ಕೆಂದು ಮುಳುಗಬೇಕು ಎಂಬ ಆಸೆ.

ಕೆರೆ

ನೇರ ಸಮುದ್ರಕ್ಕೆ ಬಿಡುವುದಿಲ್ಲ. ಅಲ್ಲಿನ ನೀರಿಗೆ ಬೇರೆಯ ಉಡುಪು. ಒಳಗೆ ನೀರೇ ಬಾರದ, ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ರಬ್ಬರು ಕಚ್ಚಿ ಹಿಡಿಯುವ ಒಣ ಸೂಟು. ಅದನ್ನು ಅಭ್ಯಾಸ ಮಾಡಲು ಲಂಡನ್ನಿನ ಹೊರವಲಯದ ಒಂದು ಹಳೆಯ ಕಲ್ಲುಗಣಿಯ ಕೆರೆಗೆ ಕರೆದೊಯ್ದರು. ಕಾರು ನಿಲ್ಲಿಸುವ ಜಾಗದಲ್ಲೇ ಗಂಡಸರು ಹೆಂಗಸರು ಟವೆಲು ಸುತ್ತಿಕೊಂಡು, ಒಂಟಿಕಾಲಲ್ಲಿ ಕುಣಿಯುತ್ತ, ಹವಾಮಾನದ ಬಗ್ಗೆ ಮಾತಾಡುತ್ತ ಬಟ್ಟೆ ಬದಲಿಸುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ. ನಮ್ಮಲ್ಲಾದರೆ ಇಡೀ ಊರು ನೋಡುತ್ತಿತ್ತು, ಆಮೇಲೆ ನೋಡಲಿಲ್ಲ ಎನ್ನುತ್ತಿತ್ತು.

ನನ್ನ ಬಳೆ ರಬ್ಬರಿಗೆ ಸಿಕ್ಕಿತು, ಜಡೆ ಕುತ್ತಿಗೆಯ ಪಟ್ಟಿಯಲ್ಲಿ ಸಿಕ್ಕಿತು. ನೀರಿಗಿಳಿದ ಮೇಲೆ ಸೂಟಿನೊಳಗಿನ ಗಾಳಿ ಕಾಲಿಗೆ ನುಗ್ಗಿ ತಲೆಕೆಳಗಾಗಿ ತೇಲಿದೆ. ಕ್ಲಬ್ಬಿನ ಮೇಲ್ವಿಚಾರಕಿ ಲಿಂಡಾ ನನ್ನ ಪಾದ ಹಿಡಿದು ತಿರುಗಿಸಿ ನಿಲ್ಲಿಸಿದಳು. ಸೌತ್‌ಹಾಲ್ ಕಡೆ ಬಸ್ಸು ಓಡಿಸಿ ನಿವೃತ್ತಳಾದ ಗಟ್ಟಿ ಹೆಂಗಸು. ಮಾತು ಮಾತಿಗೆ 'ಲವ್' ಎನ್ನುತ್ತಾಳೆ. ಆದರೆ ನಿಯಮದ ಮಾತಿಗೆ ಬಂದರೆ ಆ ಮುಖದಲ್ಲಿ ಪ್ರೀತಿಯ ಲವಲೇಶವೂ ಇರುವುದಿಲ್ಲ.

ಅವಳ ನಿಯಮ ಒಂದೇ. ಜೋಡಿ. ನೀರಿಗಿಳಿಯುವ ಮೊದಲು ಇಬ್ಬರೂ ಪರಸ್ಪರರ ಗಾಳಿ, ಕವಾಟ, ಬಕಲ್ಲು ಮುಟ್ಟಿ ಮುಟ್ಟಿ, ಬಾಯಿಬಿಟ್ಟು ಹೇಳಿ ನೋಡಬೇಕು. ಕೆಳಗೆ ಒಬ್ಬರನ್ನೊಬ್ಬರು ಬಿಡಬಾರದು. ಜೋಡಿ ಕಾಣದಾದರೆ ಒಂದು ನಿಮಿಷ ಸುತ್ತ ಹುಡುಕಿ, ನಂತರ ಮೇಲೆ ಬರಬೇಕು. ಮೇಲೆ ಬಂದಮೇಲೆ ಅವಳು ಪ್ರತಿಯೊಬ್ಬರನ್ನೂ ಕೇಳುತ್ತಾಳೆ: ಏನಾದರೂ ತೊಂದರೆ? ಎಲ್ಲರ ಎದುರಿಗೇ, ಇದ್ದದ್ದು ಇದ್ದ ಹಾಗೆ ಹೇಳಬೇಕು.

"ನಿಜ ಹೇಳಿದರೆ ಯಾರೂ ಬೈಯೋದಿಲ್ಲ" ಎಂದಳು ಲಿಂಡಾ. "ಸುಳ್ಳು ಹೇಳಿದರೆ ಮಾತ್ರ ಮುಂದಿನ ಸಲ ಯಾರಾದರೂ ಸಾಯ್ತಾರೆ."

ನನಗೆ ಈ ಪದ್ಧತಿ ಹಿಡಿಸಿತು. ನಮ್ಮ ಅಪ್ಪಂದಿರಿಗೂ ಇಂಥವಳೊಬ್ಬಳು ದಂಡೆಯ ಮೇಲೆ ನಿಂತಿದ್ದರೆ ಎಂದುಕೊಂಡೆ.

ಬಂದರು

ಹಡಗಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೊಬ್ಬ ಕಿರಣ್ ಚೀಲ ಹಿಡಿದು ಹೋಗುತ್ತಾನೆ. ಲಂಡನ್ನಿನ ಹಡಗುಕಟ್ಟೆಯಿಂದ ಮುಂಬಯಿಗೆ ಓಡಾಡುತ್ತಿದ್ದ ಉಗಿಹಡಗು. ಯುದ್ಧದ ಕಾಲದಲ್ಲಿ ಥೇಮ್ಸ್ ಬಾಯಿ ದಾಟಿ ಉತ್ತರ ಸಮುದ್ರಕ್ಕೆ ತಿರುಗಿದಾಗ ಸಿಡಿಗುಂಡು ತಗುಲಿ ಮುಳುಗಿತು.

ಬೆಳಕು ಹರಿಯುವ ಹೊತ್ತಿಗೆ ಬಂದರಿಗೆ ತಲುಪಿದೆವು. ದೋಣಿ ಹತ್ತುವ ಮೊದಲು ಗೋಡೆಯ ಮೇಲಿದ್ದ ಒಂದು ಫಲಕ ಓದಿದೆ. ಕಪ್ತಾನನ ಹೆಸರು, ಎಂಜಿನಿಯರುಗಳ ಹೆಸರು, ಒಬ್ಬೊಬ್ಬರ ಊರು, ವಯಸ್ಸು. ಕೊನೆಯಲ್ಲಿ ಒಂದು ಸಾಲು: 'ಹಾಗೂ ಭಾರತೀಯ ನಾವಿಕರು'. ಎಷ್ಟು ಜನ? ಯಾವ ಊರಿನವರು? ಹಾಗೂ. ಸತ್ತವರಿಗೂ 'ಇತ್ಯಾದಿ' ಬರೆದಿದ್ದಾರೆ. ಅಂಥವರನ್ನು ನಮ್ಮ ಕಡೆ ಕಲಾಸಿಗಳು ಎನ್ನುತ್ತೇವೆ. ಇಡೀ ಪಶ್ಚಿಮ ಕರಾವಳಿಯಿಂದ ಮುಂಬಯಿಗೆ ಹೋಗಿ ಹಡಗು ಹತ್ತಿದವರು. ಅವರಲ್ಲಿ ನಮ್ಮ ಕಡೆಯವರು ಇದ್ದರೋ ಇಲ್ಲವೋ ನನಗೆ ತಿಳಿಯದು. ತಿಳಿಯದ ಹಾಗೆ ಬರೆದದ್ದಕ್ಕೇ ನನ್ನ ಸಿಟ್ಟು.

ದೋಣಿಯ ನಾವಿಕ ಕೆಂಪು ಮುಖದ, ಕಡಿಮೆ ಮಾತಿನ ಮನುಷ್ಯ. ಅವನ ಚುಕ್ಕಾಣಿ ಕೋಣೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ದುಂಡು ಕಿಟಕಿಯ ಚೌಕಟ್ಟು ಇತ್ತು. ಅದರೊಳಗೆ ಗಡಿಯಾರ ಕೂರಿಸಿದ್ದ. ಎಲ್ಲಿಯದು ಎಂದು ಕೇಳಿದೆ.

"ಅದೇ ಹಡಗಿನದು. ನಮ್ಮಪ್ಪ ತಂದದ್ದು. ಆಗ ಎಲ್ಲರೂ ತರುತ್ತಿದ್ದರು."

ಲಿಂಡಾ ಅವನ ಕಡೆ ನೋಡಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದಳು: "ಈಗ ಯಾರೂ ತರೋದಿಲ್ಲ. ಅದು ಗೋರಿ. ನೋಡಿ, ಮುಟ್ಟಬೇಡಿ."

ಕೆಳಗೆ

ಅಲ್ಲಿ ಭರತ ಇಳಿತಗಳ ನಡುವೆ ನೀರು ನಿಲ್ಲುವ ಸ್ವಲ್ಪ ಹೊತ್ತಿನಲ್ಲೇ ಮುಳುಗಿ ಬರಬೇಕು. ಕಿರಣ್ ನನ್ನ ಜೋಡಿ. ಪರಸ್ಪರ ಬಕಲ್ಲು ಮುಟ್ಟಿದೆವು. ತೇಲುಗುಂಡಿಗೆ ಕಟ್ಟಿದ ಹಗ್ಗ ಹಿಡಿದು ಇಳಿದೆವು.

ನೇತ್ರಾಣಿಯಲ್ಲಿ ನೀರು ಗಾಜಿನ ಹಾಗೆ. ಇಲ್ಲಿ ಹೆಸರುಕಾಳು ಬೇಯಿಸಿ ಬಸಿದ ಕಟ್ಟಿನ ಹಾಗೆ. ಚಳಿ ಮೊದಲು ತುಟಿಗೆ, ಆಮೇಲೆ ಹಲ್ಲಿಗೆ, ಆಮೇಲೆ ಹಣೆಯ ಮೂಳೆಗೆ. ಚಾಚಿದ ಕೈಯ ಆಚೆ ಎರಡು ಮಾರು ಕಂಡರೆ ಹೆಚ್ಚು. ಹಸಿರು ಕಪ್ಪಾಗುತ್ತ ಹೋಗಿ, ಆ ಕಪ್ಪಿನಿಂದ ಒಂದು ಗೋಡೆ ಎದ್ದು ನಿಂತಿತು. ಹಡಗಿನ ಬಾಯ್ಲರು. ಮೈತುಂಬ ಬಿಳಿ, ಕಿತ್ತಳೆ ಬಣ್ಣದ ಮೃದುಜೀವಿಗಳು ಹೂವಿನ ಹಾಗೆ ಅರಳಿದ್ದವು. ಆ ಕೆಲವು ನಿಮಿಷ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದನ್ನೂ ಬರೆಯಬೇಕು.

ಬಾಯ್ಲರಿನ ಪಕ್ಕ, ಕುಸಿದ ತಗಡುಗಳ ನಡುವೆ ಒಂದು ಚಪ್ಪಟೆ ಕಲ್ಲು ಅರ್ಧ ಹೂಳಿನಲ್ಲಿ ಕೂತಿತ್ತು. ಟಾರ್ಚು ಬಿಟ್ಟೆ. ನಡುವೆ ಸವೆದು ಹಳ್ಳ ಬಿದ್ದಿತ್ತು. ಪಕ್ಕದಲ್ಲೇ, ಎರಡೂ ತುದಿ ದುಂಡಾದ ಉದ್ದನೆಯ ಇನ್ನೊಂದು ಕಲ್ಲು. ಇದನ್ನು ಯಾರು ನೋಡಿದರೂ ಕಲ್ಲು ಎನ್ನಬಹುದು. ಆದರೆ ನನಗೆ ಅದು ಅರೆಯುವ ಕಲ್ಲು, ಪಕ್ಕದ್ದು ಅದರ ಗುಂಡು. ನಮ್ಮ ಹಿತ್ತಿಲಲ್ಲಿ ಇಂಥದರ ಮುಂದೆ ಕೂತೇ ನಾನು ಪರೀಕ್ಷೆಗೆ ಓದಿದ್ದು. ಅಮ್ಮ ಅರೆಯುತ್ತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ.

ಕಲಾಸಿಗಳ ಅಡುಗೆಮನೆ! ಹೆಸರು ಬರೆಯದವರು ಊಟ ಮಾಡಿದ ಜಾಗ. ಕಲ್ಲಿನಲ್ಲಿ ಹಳ್ಳ ಬೀಳುವಷ್ಟು ದಿನ ಯಾರೋ ಇಲ್ಲಿ ಮೆಣಸು, ಕೊತ್ತಂಬರಿ ಅರೆದಿದ್ದಾನೆ.

ಖುಷಿಯಲ್ಲಿ ಕಿರಣನ ತೋಳು ಎಳೆದೆ. ಕಲ್ಲು ತೋರಿಸಿ, ಎರಡೂ ಕೈಯಿಂದ ಅರೆಯುವ ಅಭಿನಯ ಮಾಡಿದೆ. ಅವನಿಗೆ ಅರ್ಥವಾಯಿತು. ಹೆಬ್ಬೆರಳು ತೋರುಬೆರಳು ಸೇರಿಸಿ ಸರಿ ಎಂದು ಸನ್ನೆ ಮಾಡಿದ. ಮುಂದೆ ಹೋಗೋಣ ಎಂದು ಕೈ ಬೀಸಿದ. ನಾನು ಮುಂದೆ ಹೋದೆ. ಬಾಯ್ಲರಿನ ತುದಿ ಮುಟ್ಟಿ ತಿರುಗಿ ನೋಡಿದರೆ ಅವನಿಲ್ಲ.

ಟಾರ್ಚು ತಿರುಗಿಸಿದೆ. ಹೂಳು ಎದ್ದು ಹೊಗೆಯ ಹಾಗೆ ತುಂಬಿತ್ತು. ಹಗ್ಗ ಎಲ್ಲಿದೆ ಎಂದು ತಿಳಿಯಲಿಲ್ಲ. ನನ್ನ ಉಸಿರಿನ ಸದ್ದೊಂದೇ. ಹೆದರಿಕೆ ಆಯಿತೇ ಎಂದರೆ ಆಯಿತು. ಅದಕ್ಕಿಂತ ಹೆಚ್ಚಾಗಿ, ಅವನಿಗೇನಾದರೂ ಆಯಿತೇನೋ, ಶೈಲಾಳಿಗೆ ಏನು ಹೇಳಲಿ ಎಂಬ ಭಯ. ಒಂದು ನಿಮಿಷ ಹುಡುಕಿದೆ. ನಿಯಮದಂತೆ ಕಿತ್ತಳೆ ಬಣ್ಣದ ಗುರುತಿನ ಬಲೂನು ಬಿಟ್ಟು, ಅದರ ದಾರ ಸುತ್ತುತ್ತ, ನಡುವೆ ನಿಂತು ನಿಂತು ಒಬ್ಬಳೇ ಮೇಲೆ ಬಂದೆ.

ದೋಣಿಯ ಮೇಲೆ

"ನಿನ್ನ ಜೋಡಿ ಎಲ್ಲಿ?" ಲಿಂಡಾಳ ಮೊದಲ ಮಾತು.

"ಕಾಣಲಿಲ್ಲ. ಹುಡುಕಿದೆ."

ನಾವಿಕ ರೇಡಿಯೋ ಕೈಗೆತ್ತಿಕೊಂಡ. ಇಬ್ಬರು ಮತ್ತೆ ಸಿಲಿಂಡರು ಏರಿಸತೊಡಗಿದರು. ಲಿಂಡಾ ನೀರಿನ ಗುಳ್ಳೆಗಳನ್ನೇ ನೋಡುತ್ತ ನಿಂತಳು. ನಾನು ದೋಣಿಯ ಅಂಚು ಹಿಡಿದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಆಗ ಕಿರಣ್ ಎದ್ದ. ನಗುತ್ತಿದ್ದ. ಸೊಂಟದಲ್ಲಿ ಜಾಳಿಗೆ ಚೀಲ ಜೋತುಬಿದ್ದಿತ್ತು. ಏಣಿ ಹತ್ತಿದವನೇ ಅದನ್ನು ತನ್ನ ಟವೆಲಿನ ಅಡಿಗೆ ತಳ್ಳಿದ. ಅದು ಹಲಗೆಗೆ ಬಡಿದ ಸದ್ದು ನನಗೆ ಕೇಳಿಸಿತು. ದುಂಡು ತುದಿಯೂ ಕಾಣಿಸಿತು.

"ಅವರು ಗಾಬರಿಯಾಗಿ ಮೇಲೆ ಹೋಗಿಬಿಟ್ಟರು" ಎಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದ. "ಬಿಸಿನೀರಿನ ಡೈವರು, ಪಾಪ. ನಾನು ಹುಡುಕುತ್ತಲೇ ಇದ್ದೆ."

ಯಾರೋ ನನ್ನ ಭುಜ ತಟ್ಟಿದರು. ಯಾರೋ ಚಹಾ ಕೊಟ್ಟರು, ಪರವಾಗಿಲ್ಲ, ಮೊದಲ ಸಲ ಹಾಗಾಗುತ್ತದೆ ಎಂದರು. ಆ ಕರುಣೆಯ ಮುಖಗಳು! ಇದೇ ಮುಖ ನಾನು ಜೀವನವಿಡೀ ನೋಡಿದ್ದೇನೆ. ಕಾಲೇಜಿನ ಮೊದಲ ದಿನ, ಕೆಲಸಕ್ಕೆ ಸೇರಿದ ಮೊದಲ ದಿನ. ಪಾಪ, ಎಲ್ಲಿಂದಲೋ ಬಂದವಳು.

ಕಿರಣ್ ಪಕ್ಕಕ್ಕೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದ. "ನಾಗವೇಣಿ ಅವ್ರೇ, ಪ್ಲೀಸ್. ಆಮೇಲ್ ಮಾತಾಡೋಣ. ಮುಂದಿನ್ ತಿಂಗಳು ನನ್ ಎಕ್ಸಾಮ್ ಇದೆ. ಅಡ್ಜಸ್ಟ್ ಮಾಡ್ಕೊಳ್ಳಿ. ಈ ಕ್ಲಬ್ಬಲ್ಲಿ ನಮ್ಮೋರು ಅಂತ ಇರೋದು ನಾನೊಬ್ನೇ."

"ಕೆಳಗೂ ಇದ್ರು, ನಮ್ಮೋರು" ಎಂದೆ.

ಲಿಂಡಾ ನಮ್ಮ ಮುಂದೆ ನಿಂತಳು. "ಏನಾದರೂ ತೊಂದರೆ?"

ಅವನ ಮನೆಯ ಅನ್ನ ಉಂಡಿದ್ದೆ. ಅವನ ಹೆಂಡತಿ ನನ್ನ ಗೆಳತಿ. ಸಂಜೆ ಹೋಗಿ ಮಲಗಬೇಕಾದದ್ದು ಅವನದೇ ಸೋಫಾದ ಮೇಲೆ. ನಮ್ಮಲ್ಲಿ ಉಂಡ ಮನೆಯವರ ಮಾನ ಹೊರಗಿನವರ ಮುಂದೆ ತೆಗೆಯುವುದಿಲ್ಲ. ಅದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಾನು ಗಾಬರಿಯಾಗಿ ಓಡಿದೆ ಎಂದು ಆ ದೋಣಿಯಲ್ಲಿ ಉಳಿದರೆ, ಮತ್ತೆ ನಮ್ಮಂಥವಳು ಬಂದಾಗ ಅವಳಿಗೂ ಇದೇ ಭುಜ ತಟ್ಟುವಿಕೆ. ಮತ್ತೆ ಆ ಕಲ್ಲು ಷೋಕೇಸಿನಲ್ಲಿ, ಅಡಕೆಕತ್ತರಿಯ ಪಕ್ಕ.

"ತೊಂದರೆ ಇದೆ" ಎಂದೆ. "ನಾನು ಗಾಬರಿಯಾಗಲಿಲ್ಲ. ಅವರು ನನ್ನನ್ನು ಬಿಟ್ಟು ಹಿಂದಕ್ಕೆ ಹೋದರು. ಯಾಕೆ ಎಂದು ಆ ಟವೆಲಿನ ಕೆಳಗೆ ನೋಡಿ."

ಕಿರಣ್ ಕೆಂಪಾದ. ಲಿಂಡಾ ಟವೆಲು ಎತ್ತಿದಳು.

"ಒಂದು ಕಲ್ಲು ಅಷ್ಟೇ" ಎಂದ ಅವನು. ಆಮೇಲೆ ದನಿ ಏರಿಸಿದ. "ಅಲ್ಲಿ ನೋಡಿ, ಆ ಗಡಿಯಾರ! ಅದೇ ಹಡಗಿನದು ತಾನೇ? ಅವರಪ್ಪ ತಂದರೆ ನೆನಪಿನ ವಸ್ತು, ನಾನು ತಂದರೆ ಕಳ್ಳತನವಾ? ಇದು ನಮ್ಮ ಹೆರಿಟೇಜು!"

ಸುಳ್ಳೇನಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂದದ್ದು. ನಾವಿಕ ನೆಲ ನೋಡಿದ. ಆ ಗಡಿಯಾರ ಅಲ್ಲೇ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಅವನಿಗೂ ಹೇಳಿದೆ, ನಿಮ್ಮಪ್ಪ ಮಾಡಿದ್ದೂ ಕಳ್ಳತನವೇ ಎಂದು.

ನಂತರ ಕಿರಣನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದೆ. "ಹೆರಿಟೇಜಾ? ಇದರ ಮೇಲೆ ಅರೆದದ್ದು ಏನು ಅಂತ ಗೊತ್ತೇನ್ರೀ? ಮೀನಿನ ಮಸಾಲೆ. ನಿಮ್ಮ ಫ್ಲಾಟಿನಲ್ಲಿ ನನಗೆ ಒಂದು ಬಂಗಡೆ ಬೇಯಿಸೋಕೆ ಬಿಡಲಿಲ್ಲ. ಮೀನು ತಿಂದೋರ ಕಲ್ಲು ಮಾತ್ರ ಷೋಕೇಸಿಗೆ ಬೇಕು. ತೊಳೆದು ಇಟ್ರೆ ವಾಸನೆ ಬರಲ್ಲ ಅಂತಾನಾ?"

ಲಿಂಡಾಳಿಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡಳು.

ನೀರು ಮತ್ತೆ ನಿಂತಾಗ

ಜೋಡಿ ತಪ್ಪಿದ್ದು ಆಕಸ್ಮಿಕವಲ್ಲ, ಬಿಟ್ಟು ಹೋದದ್ದು ಎಂದಾದರೆ ಆ ದಿನ ಎರಡನೇ ಸಲ ನೀರಿಲ್ಲ. ಅದೂ ನಿಯಮ. ತಪ್ಪು ಯಾರದೇ ಇರಲಿ, ಇಬ್ಬರಿಗೂ. ಬಾಯಿ ಮುಚ್ಚಿಕೊಂಡಿದ್ದರೆ ಮಧ್ಯಾಹ್ನ ನಾನು ಮತ್ತೆ ಇಳಿಯಬಹುದಿತ್ತು. ಆ ಹಡಗನ್ನು ಇನ್ನು ನಾನು ನೋಡುವುದಿಲ್ಲ ಎಂದು ಆಗಲೇ ಗೊತ್ತಿತ್ತು.

ನೀರು ಮತ್ತೆ ನಿಲ್ಲುವವರೆಗೆ ಅದೇ ದೋಣಿಯಲ್ಲಿ ಕೂತೆವು. ಎಲ್ಲರೂ ಚಹಾ ಕುಡಿದರು, ಹಣ್ಣಿನ ಕೇಕು ತಿಂದರು, ಹವಾಮಾನದ ಮಾತಾಡಿದರು. ಶೈಲಾ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಕಿರಣನ ಬಳಿ ಹಾಗೇ ಇತ್ತು, ಅವನೂ ತೆರೆಯಲಿಲ್ಲ, ನಾನೂ ಕೇಳಲಿಲ್ಲ. ಗುಂಡುಕಲ್ಲು ನನ್ನ ಮಡಿಲಲ್ಲಿ ಇತ್ತು. ಎರಡೂ ಅಂಗೈ ಅದರ ತುದಿಗಳ ಮೇಲೆ ಇಟ್ಟರೆ ಯಾರೋ ಮೊದಲೇ ಅಳತೆ ತೆಗೆದು ಮಾಡಿದ ಹಾಗೆ ಕೂತವು. ಮೂಸಿದೆ. ಉಪ್ಪು, ಕೆಸರು, ಬೇರೇನಿಲ್ಲ. ಇನ್ನೇನು ಇರಬೇಕಿತ್ತು?

ಲಿಂಡಾ ಮಧ್ಯಾಹ್ನದ ಸರದಿಯಲ್ಲಿ ತಾನೇ ಇಳಿಯುವುದಾಗಿ ಹೇಳಿದಳು. ನೀರಿನಲ್ಲಿ ಬರೆಯುವ ಅವಳ ಪ್ಲಾಸ್ಟಿಕ್ ಹಲಗೆಯ ಮೇಲೆ ಬಾಯ್ಲರು, ತಗಡು, ಹಳ್ಳದ ಕಲ್ಲು ಎಲ್ಲಿ ಎಂದು ಚಿತ್ರ ಬಿಡಿಸಿಕೊಟ್ಟೆ. ಗುಂಡು ಹೇಗೆ ಮಲಗಬೇಕು ಎಂದು ಹಲಗೆಯ ಮೇಲೆ ಉರುಳಿಸಿ ತೋರಿಸಿದೆ. ಉಳಿದವರು ಕೇಕು ಹಿಡಿದುಕೊಂಡೇ ಬಂದು ನೋಡಿದರು. "ಅಂದರೆ ಅದು ಅಡುಗೆಮನೆಯಾ?" ಎಂದ ಒಬ್ಬ. ಎಷ್ಟೋ ವರ್ಷದಿಂದ ಅದರ ಮೇಲೆ ಈಜಿದ್ದನಂತೆ.

ಲಿಂಡಾ ಹೋದಳು. ಗುಳ್ಳೆಗಳು ಬಂದವು. ಬಹಳ ಹೊತ್ತಿನ ಮೇಲೆ ಏಣಿ ಹತ್ತಿ ಬಂದು, ಮುಖವಾಡ ಎತ್ತಿದಳು. ತುಟಿ ನೀಲಿಯಾಗಿತ್ತು.

"ಹಳ್ಳದಲ್ಲೇ ಇಟ್ಟೆ, ಲವ್. ಒಂದೆರಡು ಸಲ ಉರುಳಿಸಿಯೂ ನೋಡಿದೆ. ಸಲೀಸಾಗಿ ಹೋಗುತ್ತದೆ."

ಆಗ ನನಗೆ ಅಳು ಬಂತು.

ಕ್ರೋಯ್ಡನ್, ಆಮೇಲೆ ಇಲ್ಫರ್ಡ್

ಕಿರಣ್ ದಾರಿಯಿಂದಲೇ ಫೋನು ಮಾಡಿದ್ದ. ಬಾಗಿಲು ತೆರೆದ ಶೈಲಾ ನನಗೆ ಕೂರು ಎನ್ನಲಿಲ್ಲ. ಇಷ್ಟು ದಿನ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದವಳಿಗೆ ಸಿಟ್ಟಿನಲ್ಲಿ ಧಾರವಾಡ ವಾಪಸು ಬಂದಿತ್ತು.

"ನಮ್ಮ ಮನ್ಯಾಗ ಇದ್ದು, ನಮ್ಮ ಮರ್ಯಾದಿ ತಗದಿಯಲ್ಲ ನಾಗು! ಅದೂ ಬಿಳಿ ಮಂದಿ ಮುಂದ! ಒಂದ್ ಕಲ್ಲಿಗೋಸ್ಕರ?"

"ಕಲ್ಲಿಗೋಸ್ಕರ ಅಲ್ಲ. ನಿನ್ನ ಗಂಡ ನನ್ನನ್ನ ಸಮುದ್ರದ ತಳದಲ್ಲಿ ಬಿಟ್ಟು ಹೋದ. ಅದನ್ನ ಕೇಳಿದ್ಯಾ?"

"ಅಂವ ಬಿಡಾಂವ ಅಲ್ಲ. ಮತ್ತ ನೀ ಬಂದಿಯಲ್ಲ ಮ್ಯಾಲ? ಏನಾತು ನಿನಗ?"

ಏನಾಯಿತು ನನಗೆ! ನೆಟ್ಟಗೆ ನಿಂತಿದ್ದೆನಲ್ಲ, ಅದೇ ಅವಳ ವಾದ. ಈಜು ಬಂದವಳನ್ನು ಬಿಟ್ಟುಹೋದರೆ ತಪ್ಪಲ್ಲ. ಇದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಹೇಳಿದರೆ ಹಾಸ್ಟೆಲಿನ ಕಿಟಕಿಯವರೆಗೂ ಹೋಗುತ್ತಿತ್ತು. ಸೂಟ್‌ಕೇಸಿಗೆ ಬಟ್ಟೆ ತುಂಬಿದೆ. ಅವಳು ತಡೆಯಲಿಲ್ಲ. ಬಾಗಿಲವರೆಗೂ ಬರಲಿಲ್ಲ. ಟ್ರಾಮ್ ಹತ್ತಿದೆ.

ತರಬೇತಿಯಲ್ಲಿ ಜೊತೆಗಿದ್ದ ಸಿಲ್ಹೆಟ್ ಕಡೆಯ ರುಖ್ಸಾನಾ ಇಲ್ಫರ್ಡಿನಲ್ಲಿ ಒತ್ತಾಗಿ ಅಂಟಿಕೊಂಡ ಸಾಲುಮನೆಗಳಲ್ಲೊಂದರಲ್ಲಿ ಇದ್ದಳು. ಉಳಿದ ವಾರಗಳಿಗೆ ಒಂದು ಕೋಣೆ ಕೊಟ್ಟಳು. ಮಾರನೇ ದಿನ ಯಾರನ್ನೂ ಕೇಳದೆ ಮೀನಂಗಡಿಗೆ ಹೋದೆ. ಅಲ್ಲಿ ಸಿಗುವ ಬಂಗಡೆ ನಮ್ಮದಕ್ಕಿಂತ ದಪ್ಪ, ರುಚಿ ಸ್ವಲ್ಪ ಸಪ್ಪೆ. ರುಖ್ಸಾನಾ ಮೂಗರಳಿಸಿ ಅಡುಗೆಮನೆಗೆ ಬಂದಳು, ಕಿಟಕಿಯ ಕಡೆ ಕೈ ಹಾಕಲಿಲ್ಲ, ತಟ್ಟೆ ತೆಗೆದಳು.

ಮಸಾಲೆಯನ್ನು ಅವಳ ಮಿಕ್ಸಿಯಲ್ಲೇ ರುಬ್ಬಿದೆ. ಕಲ್ಲಿನಲ್ಲಿ ಅರೆದಷ್ಟು ನುಣ್ಣಗಾಗಲಿಲ್ಲ. ಆ ಕಲ್ಲು ಇರಬೇಕಾದವರ ಬಳಿ ಇತ್ತು.